ಬದುಕಿರುವವರ ಇಲಾಖೆ

ರಕೇಲೆ ಇಂಪ್ರೋತಾ ಸರ್ವೇಯರ್ ಆಗಲು ಓದುತ್ತಿದ್ದಾಳೆ ಎಂದು ಇಡೀ ಸನಿತಾ ಕೇರಿ ನಂಬಿತ್ತು. ನಂಬಿಸಿದವಳು ಅವಳ ತಾಯಿ ದೊನ್ನಾ ಬೆತ್ತೀನಾ.

ಮೂವತ್ತೆಂಟರ ಹೆಂಗಸು ಚೀಲ ತಗುಲಿಸಿಕೊಂಡು ದಿನಾ ವಿಶ್ವವಿದ್ಯಾಲಯಕ್ಕೆ ಹೋಗಿಬರುವುದನ್ನು ನೇಪಲ್ಸಿನ ಈ ಓಣಿಯಲ್ಲಿ ಮುಚ್ಚಿಡುವುದು ಸಾಧ್ಯವಿರಲಿಲ್ಲ. ಎದುರು ಮನೆಯವರು ಕೈ ಚಾಚಿದರೆ ಇವರ ಒಣಹಾಕಿದ ಬಟ್ಟೆ ಸಿಗುತ್ತಿತ್ತು, ಅಷ್ಟು ಹತ್ತಿರ. ಆದರೆ ಏನು ಓದುತ್ತಾಳೆ ಎಂಬುದನ್ನು ಮುಚ್ಚಿಡಬಹುದಿತ್ತು. ಸನಿತಾದಲ್ಲಿ ಸಮಾಜ ಕಾರ್ಯಕರ್ತೆ ಎಂದರೆ ಒಂದೇ ಅರ್ಥ: ಕಾಗದ ಹಿಡಿದು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವವಳು. ಹಟ ಮಾಡುವ ಮಗುವಿಗೆ ತಾಯಂದಿರು ಗುಮ್ಮನ ಬದಲು ಅವಳ ಹೆಸರನ್ನೇ ಹೇಳಿ ಹೆದರಿಸುತ್ತಿದ್ದರು. ತನ್ನ ಮಗಳು ಆ ಗುಮ್ಮನಾಗಲು ಪರೀಕ್ಷೆ ಕಟ್ಟುತ್ತಿದ್ದಾಳೆಂದು ದೊನ್ನಾ ಬೆತ್ತೀನಾ ಯಾವ ಬಾಯಿಂದ ಹೇಳಿಯಾಳು?

"ಅಮ್ಮ, ಇವತ್ತು ಮೂರನೇ ಮಹಡಿಯವರು ಇಬ್ಬರೂ ಒಟ್ಟಿಗೆ ಬಂದಿದ್ರು. ಬಾಲ್ಕನಿ ಗಡಿ ಅಳೆದುಕೊಡು ಅಂತಾರೆ" ಎಂದಳು ರಕೇಲೆ ಒಂದು ಸಂಜೆ.

"ಅಳೆದುಕೊಡೋಕೆ ನಿನಗೇನು ಧಾಡಿ? ಮನೇಲಿ ಟೇಪು ಇಲ್ವಾ?"

"ಅಮ್ಮಾ!"

"ಅಳೆಯೋದರಿಂದ ಯಾರ ಮಗುವೂ ಅಳಲ್ಲ ಕಣೇ. ಹೋಗು, ಅಳೆದುಕೊಡು."

ರಕೇಲೆ ಅಳೆದುಕೊಟ್ಟಳು. ಎರಡು ಮನೆಯವರೂ ಸಮಾಧಾನವಾಗಿ ಹೋದರು. ಆ ಜಗಳ ಬಾಲ್ಕನಿಯದ್ದಲ್ಲ, ಒಬ್ಬರ ಮನೆಯ ಅಜ್ಜಿ ಇನ್ನೊಬ್ಬರ ಕಡೆ ನೀರು ಚೆಲ್ಲುವುದರದ್ದು ಎಂಬುದು ಅವಳಿಗೆ ಟೇಪು ಬಿಚ್ಚುವ ಮೊದಲೇ ತಿಳಿದಿತ್ತು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಸಾಲಿನಲ್ಲಿ ಕಾಯದೆ ಕಣ್ಣು ತೋರಿಸುವುದು ಆಸ್ಪತ್ರೆಯ ಯಾವ ಕಿಟಕಿಯಲ್ಲಿ ಎಂದೂ ಹೇಳಿ ಕಳಿಸಿದ್ದಳು.

ಈ ಕಿಟಕಿಗಳ ವಿದ್ಯೆ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಶಾಲೆ ಬಿಟ್ಟ ಮೇಲೆ ಅವಳು ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿದ್ದಳು. ತಂಗಿಯ ಮಗ ಹುಟ್ಟುಕಿವುಡನೆಂದು ತಿಳಿದಾಗ, ಕಾನೂನಿನ ಪ್ರಕಾರ ಅವನಿಗೆ ಸಲ್ಲಬೇಕಾದ ಶಾಲೆ, ಕಿವಿಯ ಯಂತ್ರ, ಮಾಸಾಶನ ಎಲ್ಲವೂ ಬೇರೆಬೇರೆ ಕಚೇರಿಗಳಲ್ಲಿ ಹಂಚಿಹೋಗಿವೆ, ಎಲ್ಲಿ ಏನಿದೆ ಎಂದು ಹೇಳುವವರೇ ಇಲ್ಲ ಎಂಬುದು ಅರಿವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿ ಕಚೇರಿ ಅಲೆದು ಅವಳು ಅದನ್ನು ಪಡೆದುಕೊಂಡಳು. ಆಮೇಲೆ ಕಾರ್ಖಾನೆಯ ಹೆಂಗಸರು ಒಬ್ಬೊಬ್ಬರಾಗಿ ಕೇಳತೊಡಗಿದರು. ಕಾರ್ಖಾನೆ ಮುಚ್ಚಿದ ದಿನ, ತನಗೆ ಬರುವ ಕೆಲಸ ಹೊಲಿಗೆಯಲ್ಲ, ಇದು ಎಂದು ಅವಳಿಗೆ ಖಚಿತವಾಯಿತು.

ಆದರೆ ಬರುವ ಕೆಲಸ ಬೇರೆ, ಮಾಡಲು ಹಕ್ಕಿರುವ ಕೆಲಸ ಬೇರೆ. ಮೊದಲು ಸಂಜೆ ಶಾಲೆಯಲ್ಲಿ ಬಿಟ್ಟ ಓದನ್ನು ಮುಗಿಸಬೇಕು. ನಂತರ ಮೂರು ವರ್ಷದ ಪದವಿ. ಅದರೊಳಗೇ, ಈಗಾಗಲೇ ರಿಜಿಸ್ಟರಿನಲ್ಲಿ ಹೆಸರಿರುವ ಸಮಾಜ ಕಾರ್ಯಕರ್ತೆಯೊಬ್ಬರ ಕೈಕೆಳಗೆ ತರಬೇತಿ. ಆಮೇಲೆ ಸರ್ಕಾರದ ಅರ್ಹತಾ ಪರೀಕ್ಷೆ: ಬರೆಯುವುದು, ಒಂದು ಪ್ರಕರಣವನ್ನು ಬಿಡಿಸುವುದು, ಕೊನೆಗೆ ಆಯೋಗದ ಎದುರು ಕೂತು ಬಾಯಲ್ಲಿ ಉತ್ತರಿಸುವುದು. ಗೆದ್ದರೆ ಪ್ರಾಂತದ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು. ಅಲ್ಲಿ ಹೆಸರು ಬರುವ ತನಕ ತನ್ನನ್ನು ಸಮಾಜ ಕಾರ್ಯಕರ್ತೆ ಎಂದು ಕರೆದುಕೊಳ್ಳುವುದೂ ಅಪರಾಧ. ರಕೇಲೆಗೆ ಬೇಕಾಗಿದ್ದದ್ದು ಅದೊಂದೇ: ಆ ರಿಜಿಸ್ಟರಿನಲ್ಲಿ ಒಂದು ಸಾಲು.

ತರಬೇತಿಗೆ ಅವಳಿಗೆ ಸಿಕ್ಕವರು ಮಿಲೇನಾ ಬೋರ್ತೊಲಿನ್. ದೇಶದ ಉತ್ತರದ ಕಡೆಯವರು. ನೇಪಲ್ಸಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಕಾಫಿಗೆ ಸಕ್ಕರೆ ಹಾಕದೆ ಕುಡಿಯುತ್ತಿದ್ದರು. ಕಚೇರಿಯವರು ಅದನ್ನಿನ್ನೂ ಕ್ಷಮಿಸಿರಲಿಲ್ಲ. ಮಾತು ಕಡಿಮೆ, ಮಾತಾಡಿದರೆ ಚುಚ್ಚು. ರಕೇಲೆ ಬರೆದ ಮೊದಲ ವರದಿಯನ್ನು ಓದಿ, "ಇದು ಚೆನ್ನಾಗಿದೆ. ಯಾರ ಬಗ್ಗೆ?" ಎಂದು ಕೇಳಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಔಷಧಿ ಅಂಗಡಿಯವನು ಫೋನು ಮಾಡಿದ. ಲಿಬೋರಿಯೊ ಎಂಬ ಮುದುಕ, ಒಂಟಿ, ಸಕ್ಕರೆ ಕಾಯಿಲೆ. ಕಾಲಿಗೆ ಕಟ್ಟಿಕೊಂಡ ಬಟ್ಟೆ ವಾಸನೆ ಬರುತ್ತಿದೆ ಎಂದ. ಬೋರ್ತೊಲಿನ್ ಕಂಪ್ಯೂಟರಿನಲ್ಲಿ ಹುಡುಕಿದರು. ಹಿಂದಿನ ವರ್ಷವೇ ಯಾರೋ ಫೋನಿನಲ್ಲಿ ವಿಚಾರಿಸಿ ಒಂದು ಸಾಲು ಹಾಕಿ ಮುಗಿಸಿದ್ದರು: 'ಆಸರೆ ಇದೆ.'

"ಯಾರ ಆಸರೆ?" ಬೋರ್ತೊಲಿನ್ ಸಿಡುಕಿದರು. "ಚರ್ಚಿನವರನ್ನ ಕೇಳಿದೆ, ಅವರದ್ದಲ್ಲ. ಆರೋಗ್ಯ ಇಲಾಖೆಯದ್ದಲ್ಲ. ನಮ್ಮದಂತೂ ಅಲ್ಲ. ಇಷ್ಟು ಗುಟ್ಟಾಗಿ ಕೆಲಸ ಮಾಡೋ ಕಚೇರಿ ಈ ಊರಲ್ಲಿ ಯಾವುದಪ್ಪ?"

"ಹಾಗಂದೋರು ಯಾರು ಮೇಡಂ?"

"ಪಕ್ಕದ ತರಕಾರಿ ಅಂಗಡಿಯಾಕೆ. 'ಅವರಿಗೆ ಆಸರೆ ಇದೆ, ಏನೂ ಕಮ್ಮಿ ಇಲ್ಲ' ಅಂದಳಂತೆ."

ರಕೇಲೆಗೆ ನಗು ತಡೆಯಲಾಗಲಿಲ್ಲ. ಬೋರ್ತೊಲಿನ್ ಕನ್ನಡಕದ ಮೇಲಿಂದ ನೋಡಿದರು.

"ಸತ್ತವರ ಕಚೇರಿ ಮೇಡಂ."

"ಏನಂದಿರಿ?"

"ನಮ್ಮ ಕಡೆ 'ಆಸರೆ ಇದೆ' ಅಂದ್ರೆ ಸತ್ತವರ ಆಸರೆ. ಆತ್ಮಗಳು ಬಂದು ಲಾಟರಿ ನಂಬರು ಹೇಳಿ ಹೋಗ್ತವೆ. ಜನ ತಮ್ಮ ಕನಸು ಹೇಳ್ತಾರೆ, ಆತ ಏನೋ ಗೊಣಗ್ತಾರೆ, ಇವರು ಹೋಗಿ ಆಡ್ತಾರೆ. ಸರ್ಕಾರದವರು ಅವರ ಮನೆ ಹೊಸಿಲೂ ದಾಟಿಲ್ಲ."

ಬೋರ್ತೊಲಿನ್ ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದರು. ಒಂದೇ ಮಾತು, ಕಚೇರಿಯಲ್ಲಿ ಅದಕ್ಕೆ ಒಂದು ಲೋಕ, ಓಣಿಯಲ್ಲಿ ಇನ್ನೊಂದು. ಆ ಎರಡರ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ವರ್ಷವಿಡೀ ಬಿದ್ದುಹೋಗಿದ್ದ. ಅವರು ಕೋಟು ತೆಗೆದುಕೊಂಡರು.

ತರಕಾರಿ ಅಂಗಡಿಯ ಜಕೊಮಿನಾ ಬೋರ್ತೊಲಿನ್ ಅವರ ಚೀಲ, ಚಪ್ಪಟೆ ಷೂ ನೋಡಿದ್ದೇ ಗುರುತು ಹಿಡಿದಳು. ಕೇರಿಯವರು ಗೌರವದಿಂದ ದೋನ್ ಲಿಬೋರಿಯೊ ಎನ್ನುತ್ತಿದ್ದ ಆ ಮುದುಕನ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿ ಮಕ್ಕಳಿಲ್ಲ! ಈಗ ಮುದುಕರನ್ನೂ ಹೊತ್ಕೊಂಡು ಹೋಗೋಕೆ ಶುರು ಮಾಡಿದ್ರಾ?" ಅಷ್ಟರಲ್ಲಿ ಹಿಂದಿದ್ದ ರಕೇಲೆಯನ್ನು ಕಂಡಳು. "ಅಯ್ಯೋ, ಸರ್ವೇಯರಮ್ಮ! ನೀನೇನು ಮಾಡ್ತಿದ್ದೀಯ ಇವರ ಜೊತೆ? ಮನೆ ಅಳೀತಾರಾ?"

ಬೀದಿಯಲ್ಲಿ ಹತ್ತು ಕಿಟಕಿಗಳು ತೆರೆದಿದ್ದವು. ಟೇಪಿನ ಕತೆ ಮುಂದುವರಿಸಲು ಅದಕ್ಕಿಂತ ಸುಲಭವಾದ ಸಮಯ ಇರಲಿಲ್ಲ.

"ನಾನು ಸರ್ವೇಯರ್ ಅಲ್ಲ ಜಕೊಮಿನಾ. ಇವರ ಹತ್ತಿರ ತರಬೇತಿಗಿದ್ದೀನಿ. ಇವರ ಕೆಲಸಾನೇ ಕಲೀತಿದ್ದೀನಿ."

"ಮಕ್ಕಳನ್ನ ಎತ್ಕೊಂಡು ಹೋಗೋ ಕೆಲಸಾನಾ?" ಜಕೊಮಿನಾಳ ಕೈಯಲ್ಲಿದ್ದ ಕೋಸು ಅಲ್ಲೇ ನಿಂತಿತು. "ದೊನ್ನಾ ಬೆತ್ತೀನಾಗೆ ಗೊತ್ತಾ?"

"ಎಲ್ಲರಿಗಿಂತ ಮುಂಚೆ ಅಮ್ಮನಿಗೇ ಗೊತ್ತು. ನೀನೂ ಒಳಗೆ ಬಾ. ನಾವೇನು ಮಾಡ್ತೀವೋ ಕಣ್ಣಾರೆ ನೋಡು."

ಬೀದಿಗೇ ಬಾಗಿಲು ತೆರೆಯುವ ಒಂದೇ ಕೋಣೆಯ ಮನೆ. ದೋನ್ ಲಿಬೋರಿಯೊ ಕುರ್ಚಿಯಲ್ಲಿ ಕೂತು ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದ. ಸುತ್ತ ಜನ ತಂದಿಟ್ಟ ಕಾಣಿಕೆಗಳಿದ್ದವು: ಸಿಗರೇಟು, ಕಾಫಿಪುಡಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಸಿಹಿ. ಪಾಕದಲ್ಲಿ ಅದ್ದಿದ ಬಾಬಾ ಎಂಬ ಪುಟ್ಟ ಕೇಕು, ಕೆನೆ ತುಂಬಿದ ಪದರಪದರ ಮಿಠಾಯಿ. ಸಕ್ಕರೆ ಕಾಯಿಲೆಯವನನ್ನು ಕೇರಿ ಪ್ರೀತಿಯಿಂದಲೇ, ದಿನಕ್ಕೊಂದು ಪೊಟ್ಟಣದಂತೆ, ಕೊಲ್ಲುತ್ತಿತ್ತು. ಬಟ್ಟೆ ಬಿಚ್ಚಿದಾಗ ಕಿರುಬೆರಳು ಕಪ್ಪಾಗಿತ್ತು. ಪಾದದ ಅಂಚಿಗೆ ಕೆಂಪು ಹತ್ತಿತ್ತು.

"ನೋವಿಲ್ಲ" ಎಂದ ಮುದುಕ ಹೆಮ್ಮೆಯಿಂದ.

ನೋವಿಲ್ಲದಿರುವುದೇ ಅಲ್ಲಿ ಕೆಟ್ಟ ಸುದ್ದಿ. ನರ ಸತ್ತ ಕಡೆ ನೋವೂ ಸಾಯುತ್ತದೆ. ಬೋರ್ತೊಲಿನ್ ಆಸ್ಪತ್ರೆಯ ಮಾತೆತ್ತಿದ ಕೂಡಲೇ ಆತ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ನಿಮ್ಮಿಂದ ಒಂದು ಮಾತ್ರೆ ತಗೊಂಡ್ರೂ ಅವರು ಹೊರಟುಹೋಗ್ತಾರೆ. ಬದುಕಿರೋರು ಯಾರೂ ಇಲ್ಲದೋನ ಹತ್ತಿರ ಮಾತ್ರ ಸತ್ತವರು ಬರೋದು. ಅವರು ಹೋದ್ರೆ ಈ ಬಾಗಿಲು ಯಾರು ತಟ್ತಾರೆ, ಹೇಳಿ? ಇವಳು ತಟ್ತಾಳಾ?"

ಜಕೊಮಿನಾ ಕೈಯಲ್ಲಿದ್ದ ಕೋಸನ್ನು ಬಾಗಿಲ ಬಳಿ ಇಟ್ಟಳು.

ಬೋರ್ತೊಲಿನ್ ಫೋನು ಕೈಗೆತ್ತಿಕೊಂಡರು. ಒಪ್ಪದವನನ್ನೂ ಒಯ್ಯುವ ದಾರಿ ಕಾನೂನಿನಲ್ಲಿದೆ. ಆದರೆ ಅದು ತೆರೆಯುವುದು ಮನಸ್ಸಿನ ಸ್ಥಿಮಿತ ತಪ್ಪಿದವನಿಗೆ. ಈತನ ಬುದ್ಧಿ ಚುರುಕಾಗಿತ್ತು. ಅವನಿಗೆ ಹೆದರಿಕೆ ಇದ್ದದ್ದು ಕಾಲು ಹೋಗುವುದಕ್ಕಲ್ಲ, ಬಾಗಿಲು ತಟ್ಟುವವರು ಹೋಗುವುದಕ್ಕೆ. ರಕೇಲೆಗೆ ಅದು ಸ್ಪಷ್ಟವಾಗಿ ಕಂಡಿತು. ಅವಳು ನೆಲದ ಮೇಲೆ, ಸ್ಟೂಲಿನ ಪಕ್ಕ, ಆ ಕಾಲಿಗೆ ಸಮನಾಗಿ ಕೂತಳು.

"ದೋನ್ ಲಿಬೋರಿಯೊ, ಸತ್ತವರ ವಿಷಯ ನನಗೆ ಗೊತ್ತಿಲ್ಲ. ಅವರ ಕೆಲಸಕ್ಕೆ ನಾನು ಕೈ ಹಾಕಲ್ಲ. ಆದ್ರೆ ಈ ಕಾಲು ಸತ್ತಿಲ್ಲ. ಬದುಕಿರೋದು ನಮ್ಮ ಇಲಾಖೆ."

ಮುದುಕ ನಿಧಾನವಾಗಿ ಇತ್ತ ತಿರುಗಿದ. "ಎಷ್ಟು ಬೆರಳು ನಿಮ್ಮ ಇಲಾಖೆಗೆ ಸೇರುತ್ತೆ?"

"ನಾಲ್ಕು ಖಂಡಿತ. ಐದನೇದು ಡಾಕ್ಟರು ನೋಡಿ ಹೇಳಬೇಕು."

"ಸುಳ್ಳು ಹೇಳಲ್ಲ ನೀನು."

"ಹೇಳಿದ್ರೆ ನಾಳೆ ನಿಮಗೇ ಗೊತ್ತಾಗುತ್ತಲ್ಲ."

ಅವನ ಎದೆಯೊಳಗಿನಿಂದ ಕೆಮ್ಮಿನಂಥ ನಗು ಹೊರಟಿತು. "ಆಗಲಿ. ಐದನೇದು ಆ ಕಡೆಯವರಿಗೆ ಇರಲಿ. ಮಿಕ್ಕಿದ್ದು ತಗೊಂಡು ಹೋಗಿ. ಮೇಡಮ್ಮೋರೆ, ನಿಮ್ಮ ಫೋನು ಬಳಸಿ, ಸುಮ್ಮನೆ ಹಿಡ್ಕೊಂಡಿದ್ದೀರಲ್ಲ."

ಅಂದೇ ಆಸ್ಪತ್ರೆಯಲ್ಲಿ ಕಿರುಬೆರಳು ಹೋಯಿತು, ಕಾಲು ಉಳಿಯಿತು. ಮೂರನೆಯ ವಾರ ದೋನ್ ಲಿಬೋರಿಯೊ ಅದೇ ಕುರ್ಚಿಗೆ ಮರಳಿದ. ಗಾಯ ಕಟ್ಟಲು ದಿನಾ ನರ್ಸು ಬರತೊಡಗಿದಳು. ಮುದುಕನಿಗೆ ಕನಸು ಹೇಳಲು ಬಂದವರು ಅವಳ ಕೆಲಸ ಮುಗಿಯುವ ತನಕ ಸಾಲಿನಲ್ಲಿ ಕಾಯತೊಡಗಿದರು. ಸಿಹಿಯ ಬದಲು ಸೊಪ್ಪು ತಂದುಕೊಡಿ ಎಂದು ಜಕೊಮಿನಾ ಅಂಗಡಿಯ ಮುಂದೆ ಬೋರ್ಡೇ ಬರೆದು ಹಾಕಿದಳು. ಅವಳಿಗೆ ಅದರಲ್ಲಿ ನಷ್ಟವೂ ಇರಲಿಲ್ಲ.

"ಕೇರಿಗೆಲ್ಲ ಗೊತ್ತಾಗಿದೆ" ಎಂದಳು ದೊನ್ನಾ ಬೆತ್ತೀನಾ, ಟೊಮೇಟೊ ಹೆಚ್ಚುತ್ತ, ಮಗಳ ಕಡೆ ನೋಡದೆ.

"ಏನಂತಾರೆ?"

"ಜಕೊಮಿನಾ ತಂಗಿ ಗಂಡನ ಪಿಂಚಣಿ ಎರಡು ವರ್ಷದಿಂದ ನಿಂತಿದೆಯಂತೆ. ಯಾವ ಕಿಟಕಿ ಅಂತ ಕೇಳ್ತಾಳೆ."

"ನೀನೇನಂದೆ?"

"ಸ್ವಲ್ಪ ಕಾದಿರು, ಸರ್ವೇ ಮುಗಿಸ್ಕೊಂಡು ಬರ್ತಾಳೆ ಅಂದೆ."

ಮುಂದಿನ ಬೇಸಿಗೆಯಲ್ಲಿ ಪದವಿ ಬಂತು. ಪದವಿ ಪಡೆದವರಿಗೆ ತೊಡಿಸುವ ಘಮಘಮ ಲಾರೆಲ್ ಎಲೆಯ ಕಿರೀಟವನ್ನು ತಲೆಗಿಟ್ಟು ಇಡೀ ಓಣಿ ಸುತ್ತಿಸಿದರು. ಎರಡು ದಿನದ ನಂತರ ಅದೇ ಎಲೆಗಳನ್ನು ದೊನ್ನಾ ಬೆತ್ತೀನಾ ಕಾಳಿನ ಸಾರಿಗೆ ಹಾಕಿದಳು. ನವೆಂಬರಿನಲ್ಲಿ ಅರ್ಹತಾ ಪರೀಕ್ಷೆ. ಬರವಣಿಗೆಯಲ್ಲಿ ರಕೇಲೆ ಸಲೀಸಾಗಿ ಪಾರಾದಳು. ಉಳಿದದ್ದು ಮೌಖಿಕ.

ಆಯೋಗದ ಅಧ್ಯಕ್ಷ ಪ್ರೊಫೆಸರ್ ಮರಾಸ್ಕಾ. ಬಿಳಿ ಗಡ್ಡ, ಆತುರವಿಲ್ಲದ ದನಿ. "ತರಬೇತಿಯಲ್ಲಿ ನೀವು ಕಂಡ ಒಬ್ಬರ ಬಗ್ಗೆ ಹೇಳಿ" ಎಂದರು.

ರಕೇಲೆಯ ನಾಲಿಗೆಯ ತುದಿಗೆ ಬಂದದ್ದು ಒಂದೇ ಹೆಸರು. ಆದರೆ ಎತ್ತರದ ಚಾವಣಿ, ಹಸಿರು ಬಟ್ಟೆ ಹೊದಿಸಿದ ಮೇಜು, ಸೂಟು ಹಾಕಿದ ನಾಲ್ವರು. ಇವರ ಮುಂದೆ ಸತ್ತವರು, ಲಾಟರಿ, ಕಿರುಬೆರಳು? ಅವಳು ಆ ಹೆಸರನ್ನು ನುಂಗಿದಳು. ಬದಲಿಗೆ ಪುಸ್ತಕ ಮಾತಾಡಿತು: ಫಲಾನುಭವಿಯ ಅಗತ್ಯಗಳ ಮೌಲ್ಯಮಾಪನ, ಸಂಪನ್ಮೂಲಗಳ ಜಾಲ, ಹಂತಹಂತದ ಮಧ್ಯಪ್ರವೇಶ. ಹದಿನೈದು ನಿಮಿಷ ಎಲ್ಲೂ ತಡವರಿಸದೆ ಹೇಳಿದಳು.

ಮರಾಸ್ಕಾ ಕೊನೆಯ ತನಕ ಕೇಳಿಸಿಕೊಂಡರು. "ನೀವು ಹೇಳಿದ್ದು ಎಲ್ಲವೂ ಸರಿ. ಆದರೆ ಈ ಹದಿನೈದು ನಿಮಿಷದಲ್ಲಿ ಈ ಕೋಣೆಯೊಳಗೆ ಒಬ್ಬ ಮನುಷ್ಯನೂ ಬರಲಿಲ್ಲ."

ಅನುತ್ತೀರ್ಣ. ಮೌಖಿಕದಲ್ಲಿ ಬಿದ್ದವರು ಬರವಣಿಗೆಯಿಂದಲೇ ಮತ್ತೆ ಶುರುಮಾಡಬೇಕು.

ಮರುದಿನ ಬೋರ್ತೊಲಿನ್ ಅವಳನ್ನು ಕಚೇರಿಯ ಕೆಳಗಿನ ಕಾಫಿ ಅಂಗಡಿಗೆ ಕರೆದೊಯ್ದರು.

"ಯಾರ ಬಗ್ಗೆ ಹೇಳಿದಿರಿ?"

"ಯಾರ ಬಗ್ಗೆಯೂ ಅಲ್ಲ."

"ದೋನ್ ಲಿಬೋರಿಯೊ?"

"ಪ್ರೊಫೆಸರುಗಳ ಮುಂದೆ ಅದನ್ನ ಹೇಗೆ ಹೇಳಲಿ ಮೇಡಂ? ನಗ್ತಾರೆ."

ಬೋರ್ತೊಲಿನ್ ಸಕ್ಕರೆಯಿಲ್ಲದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. "ಆವತ್ತು ನನ್ನ ಕೈಯಲ್ಲಿ ಫೋನಿತ್ತು. ಆ ಫೋನಿಗೆ ಆತ ಬಗ್ಗುತ್ತಿರಲಿಲ್ಲ. ನಿಮಗೆ ನೆಲದ ಮೇಲೆ ಕೂರೋಕೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಅದನ್ನ ನೀವು ಹೋಗಿ ಹೇಳದಿದ್ದರೆ ಮತ್ತಾರು ಹೇಳ್ತಾರೆ? ನಾನು ಹೋಗೋ ಹಾಗಿಲ್ಲ, ನನ್ನ ಪರೀಕ್ಷೆ ಯಾವಾಗಲೋ ಮುಗಿದಿದೆ." ಕಪ್ಪು ಕೆಳಗಿಟ್ಟರು. "ಇನ್ನೊಂದು ವಿಷಯ. ನಗರಸಭೆಗೆ ಮನೆಭೇಟಿಯ ಕೆಲಸ ಮಾಡಿಕೊಡೋ ಸಹಕಾರ ಸಂಘ ಇದೆಯಲ್ಲ, ಅವರಿಗೆ ಸನಿತಾಕ್ಕೆ ಒಬ್ಬರು ಬೇಕು. ನಿಮ್ಮ ಹೆಸರು ಹೇಳಿದ್ದೀನಿ. ಜುಲೈ ಕೊನೆಯೊಳಗೆ ರಿಜಿಸ್ಟರಿನಲ್ಲಿ ಹೆಸರಿರಬೇಕು. ಅದಕ್ಕಿಂತ ಆಚೆಗೆ ಅವರು ಕಾಯಲ್ಲ."

ಲೆಕ್ಕ ಸರಳವಾಗಿತ್ತು. ಬೇಸಿಗೆಯ ಪರೀಕ್ಷೆ ಒಂದೇ ಅವಕಾಶ. ಅದರಲ್ಲಿ ಬಿದ್ದರೆ ಸನಿತಾದ ಬಾಗಿಲುಗಳನ್ನು ಮತ್ತೆ ಹೊರಗಿನವರು ಯಾರೋ ತಟ್ಟುತ್ತಾರೆ, ಮತ್ತೆ ಫೋನಿನಲ್ಲಿ ವಿಚಾರಿಸಿ ಒಂದು ಸಾಲು ಬರೆದು ಮುಗಿಸುತ್ತಾರೆ.

ಚಳಿಗಾಲವೆಲ್ಲ ಅವಳು ಅಡುಗೆಮನೆಯ ಮೇಜಿನ ಮೇಲೆ ಓದಿದಳು. ಹೊಸದೊಂದು ಅಭ್ಯಾಸ ಹಚ್ಚಿಕೊಂಡಳು: ಪುಸ್ತಕದ ಪ್ರತಿ ಪಾರಿಭಾಷಿಕ ಪದವನ್ನೂ ಅಮ್ಮನಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು. ಅಮ್ಮನಿಗೆ ಅರ್ಥವಾಗದಿದ್ದರೆ ತನಗೂ ಆಗಿಲ್ಲವೆಂದು ಲೆಕ್ಕ.

"'ಸ್ವಯಂ ನಿರ್ಧಾರದ ಹಕ್ಕು' ಅಂದ್ರೆ ಏನು ಹೇಳು ನೋಡೋಣ" ಎನ್ನುತ್ತಿದ್ದಳು ದೊನ್ನಾ ಬೆತ್ತೀನಾ, ಈಗ ಅವಳೇ ಪರೀಕ್ಷಕಳಂತೆ.

"ತನ್ನ ಬದುಕಿನ ವಿಷಯದಲ್ಲಿ ಕೊನೆಯ ಮಾತು ಅವರದ್ದೇ, ನಮ್ಮದಲ್ಲ."

"ಅವರು ತಪ್ಪು ಮಾಡ್ತಿದ್ರೂ?"

"ತಪ್ಪು ಅಂತ ಹೇಳಬಹುದು. ಎದುರಿಗೆ ಕೂತು ಹೇಳಬಹುದು. ಎಳ್ಕೊಂಡು ಹೋಗೋ ಹಾಗಿಲ್ಲ."

"ಮತ್ತೆ ಮಕ್ಕಳನ್ನ ಎಳ್ಕೊಂಡು ಹೋಗ್ತಾರಲ್ಲ?"

"ಅದು ನ್ಯಾಯಾಧೀಶರ ಮಾತಮ್ಮ. ಅಲ್ಲಿಗೆ ಹೋಗೋ ಮೊದಲು ಮಗು ಮನೇಲೇ ಉಳಿಯೋಕೆ ಏನೇನು ಮಾಡಬಹುದೋ ಎಲ್ಲ ಮಾಡೋದು ನಮ್ಮ ಕೆಲಸ."

ದೊನ್ನಾ ಬೆತ್ತೀನಾ ಸೌಟು ಕೆಳಗಿಟ್ಟಳು. "ಇದನ್ನ ಯಾರೂ ನಮಗೆ ಹೇಳೇ ಇಲ್ಲವಲ್ಲೇ" ಎಂದಳು.

ಜೂನಿನಲ್ಲಿ ಬರವಣಿಗೆ ಮುಗಿಯಿತು, ಪಾಸಾಯಿತು. ಜುಲೈ ಮೊದಲ ವಾರ, ಗೋಡೆಗಳೇ ಬೆವರುವಂಥ ಸೆಖೆಯಲ್ಲಿ, ಅದೇ ಹಸಿರು ಮೇಜು. ಅದೇ ಮರಾಸ್ಕಾ. ಅದೇ ಪ್ರಶ್ನೆ.

"ಅವರ ಹೆಸರು ಇಲ್ಲಿ ಹೇಳೋ ಹಾಗಿಲ್ಲ" ಎಂದು ಶುರುಮಾಡಿದಳು ರಕೇಲೆ. "ಎಪ್ಪತ್ತೊಂಬತ್ತು ವರ್ಷ. ಸತ್ತವರ ಆಸರೆ ಇರೋ ಮನುಷ್ಯ ಅಂತ ಕೇರಿಯವರು ನಂಬ್ತಾರೆ. ಹಾಗಾಗಿ ನಮ್ಮ ಕಚೇರಿ, ಸರ್ಕಾರದ ಆಸರೆ ಇದೆ ಅಂದುಕೊಳ್ತು."

ಮೇಜಿನ ಆ ಕಡೆ ಒಬ್ಬರು ನಕ್ಕರು. ಅವಳು ನಿಲ್ಲಿಸಲಿಲ್ಲ. ಸಿಹಿಯ ಪೊಟ್ಟಣಗಳನ್ನು ಹೇಳಿದಳು, ಕಪ್ಪಾದ ಬೆರಳನ್ನು, ನೋವಿಲ್ಲದ ಹೆಮ್ಮೆಯನ್ನು. ನಡುನಡುವೆ ಅವಳ ಮಾತು ಓಣಿಯ ಮಾತಿಗೆ ಜಾರುತ್ತಿತ್ತು. ಒಮ್ಮೆ ಅದನ್ನು ಎತ್ತಿ ತಿದ್ದಲು ಹೋದಳು, ಆಮೇಲೆ ಬಿಟ್ಟುಬಿಟ್ಟಳು. ಸತ್ತವರ ವಿಷಯ ಗೊತ್ತಿಲ್ಲ, ಅವರ ಕೆಲಸಕ್ಕೆ ಕೈ ಹಾಕಲ್ಲ, ಬದುಕಿರುವುದು ನಮ್ಮ ಇಲಾಖೆ ಎಂದು ತಾನು ಹೇಳಿದ್ದನ್ನೂ ಹೇಳಿದಳು.

ಮರಾಸ್ಕಾ ಕೈಯೆತ್ತಿ ತಡೆದರು. ಅವರ ದನಿ ಗಟ್ಟಿಯಾಗಿತ್ತು.

"ಒಂದು ನಿಮಿಷ. 'ಸತ್ತವರ ಕೆಲಸಕ್ಕೆ ಕೈ ಹಾಕಲ್ಲ' ಅಂದಿರಿ. ಅಂದರೆ ಸತ್ತವರಿಗೆ ಕೆಲಸವಿದೆ ಅಂತ ಒಪ್ಪಿಕೊಂಡ ಹಾಗಾಯ್ತು. ಒಬ್ಬ ರೋಗಿಯ ಮೂಢನಂಬಿಕೆಯನ್ನು ಬಳಸಿಕೊಂಡು ಅವನನ್ನು ಒಪ್ಪಿಸಿದಿರಿ. ಇದು ಮೋಸವಲ್ಲವೇ? ವೃತ್ತಿಸಂಹಿತೆ ಏನು ಹೇಳುತ್ತದೆ?"

ಇಡೀ ಪರೀಕ್ಷೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆಯೆಂದು ರಕೇಲೆಗೆ ತಿಳಿಯಿತು. ಸಂಹಿತೆಯ ಮಾತುಗಳು ಅವಳಿಗೆ ಬಾಯಿಪಾಠವಿದ್ದವು. ಅವನ್ನು ಹೇಳಿದಳು: ವ್ಯಕ್ತಿಯ ನಂಬಿಕೆಗೆ ಗೌರವ, ಅವನಿಗೆ ಸತ್ಯವನ್ನು ತಿಳಿಸುವ ಹೊಣೆ, ಅವನ ನಿರ್ಧಾರದ ಹಕ್ಕು. ಆಮೇಲೆ ಹೇಳಿದಳು:

"ಸತ್ತವರು ಮಾತಾಡ್ತಾರೆ ಅಂತ ನಾನು ಹೇಳಲಿಲ್ಲ ಸರ್. ಮಾತಾಡಲ್ಲ ಅಂತಲೂ ಹೇಳಲಿಲ್ಲ. ಗೊತ್ತಿಲ್ಲ ಅಂದೆ. ಅದು ನಿಜ. ಕಾಲಿನ ವಿಷಯದಲ್ಲಿ ಗೊತ್ತಿದ್ದದ್ದನ್ನ ಹೇಳಿದೆ, ಒಂದು ಬೆರಳು ಉಳಿಯದೇ ಹೋಗಬಹುದು ಅನ್ನೋದನ್ನೂ ಸೇರಿಸಿ. ಬೆರಳೂ ಉಳಿಯುತ್ತೆ ಅಂದಿದ್ದರೆ ಅದು ಮೋಸ. ಸತ್ತವರೇ ಆಸ್ಪತ್ರೆಗೆ ಹೋಗು ಅಂತ ನನ್ನ ಕನಸಲ್ಲಿ ಹೇಳಿದ್ರು ಅಂದಿದ್ದರೆ ಅದು ಮೋಸ. ಅದು ಸುಲಭವೂ ಆಗಿತ್ತು, ಅವರು ತಕ್ಷಣ ಎದ್ದು ಬರ್ತಿದ್ರು. ನನಗೆ ಆ ಯೋಚನೆ ಬಂದಿತ್ತು, ಸರ್. ಬಿಟ್ಟೆ."

"ಏಕೆ ಬಿಟ್ಟಿರಿ?"

"ಆವತ್ತು ಕಾಲು ಉಳೀತಿತ್ತು. ಆದ್ರೆ ಮುಂದಿನ ಸಲ ಅವರು ನನ್ನನ್ನ ನಂಬ್ತಿರಲಿಲ್ಲ, ನನ್ನ ಕನಸನ್ನ ನಂಬ್ತಿದ್ರು."

ಮೇಜಿನ ತುದಿಯಲ್ಲಿದ್ದ ಸದಸ್ಯೆ, ಇಷ್ಟು ಹೊತ್ತು ಬರೆದುಕೊಳ್ಳುತ್ತಿದ್ದವರು, ತಲೆಯೆತ್ತಿದರು. "ಅಷ್ಟಾದರೂ ಆತ ಒಪ್ಪದಿದ್ದರೆ?"

"ಮರುದಿನ ಹೋಗ್ತಿದ್ದೆ. ಅದರ ಮರುದಿನವೂ. ಡಾಕ್ಟರನ್ನೇ ಅವರ ಕುರ್ಚಿ ಹತ್ತಿರ ಕರ್ಕೊಂಡು ಹೋಗ್ತಿದ್ದೆ. ಜ್ವರ ಏರಿ ಎಚ್ಚರ ತಪ್ಪಿದ್ದರೆ ಆಂಬುಲೆನ್ಸ್ ಕರೀತಿದ್ದೆ, ಅವರು ಬೇಡ ಅಂದಿದ್ದರೂ ಕರೆದೆ ಅಂತ ಬರೆದಿಡ್ತಿದ್ದೆ, ಎಚ್ಚರವಾದ ಮೇಲೆ ಅವರ ಬೈಗುಳ ಕೇಳೋಕೆ ನಾನೇ ಹೋಗ್ತಿದ್ದೆ. ಅವರು ಚೆನ್ನಾಗಿ ಬಯ್ತಾರೆ, ಮೇಡಂ."

ಈ ಸಲ ನಾಲ್ವರೂ ನಕ್ಕರು. ಮರಾಸ್ಕಾ ಗಡ್ಡದ ಮೇಲೆ ಕೈಯಾಡಿಸಿಕೊಂಡರು.

"ಆತನ ಕಾಲು ಈಗ ಹೇಗಿದೆ?"

ಅದು ಪರೀಕ್ಷೆಯ ಪ್ರಶ್ನೆಯಲ್ಲವೆಂದು ರಕೇಲೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವಳು ಹೇಳಿದ ಮನುಷ್ಯ ಕೋಣೆಯೊಳಗೆ ಬಂದು ಕೂತಿದ್ದ.

"ನಡೀತಾರೆ ಸರ್. ಕಾಫಿ ಅಂಗಡಿ ತನಕ ಹೋಗಿ ಬರ್ತಾರೆ. ಸಕ್ಕರೆ ಹಾಕ್ಕೊಳ್ತಾರೋ ಇಲ್ಲವೋ ನೋಡೋಕೆ ತರಕಾರಿ ಅಂಗಡಿಯಾಕೆ ಹಿಂದೇ ಹೋಗ್ತಾಳೆ."

ಅರ್ಧ ಗಂಟೆಯ ನಂತರ ಹೆಸರುಗಳನ್ನು ಓದಿದರು. ಇಂಪ್ರೋತಾ, ಉತ್ತೀರ್ಣ. ಓದಿದವರು ಮರಾಸ್ಕಾ ಅವರೇ. ಅವಳ ಹೆಸರಿನ ಬಳಿ ಒಂದು ಗಳಿಗೆ ನಿಂತು, ಕನ್ನಡಕ ತೆಗೆದು, ಅವಳನ್ನು ಹುಡುಕಿ ನೋಡಿ, ಮತ್ತೆ ಮುಂದಿನ ಹೆಸರಿಗೆ ಹೋದರು.

ಮನೆಗೆ ಬಂದಾಗ ಓಣಿಯ ಬಾಯಲ್ಲೇ ಜಕೊಮಿನಾ ಹಿಡಿದಳು. "ಏನಾಯ್ತು? ಪಾಸಾ ಫೇಲಾ?"

"ಪಾಸು. ಆದ್ರೆ ಇನ್ನೂ ಆಗಿಲ್ಲ."

"ಅಂದ್ರೆ?"

"ಪರಿಷತ್ತು ಸಭೆ ಸೇರಿ ರಿಜಿಸ್ಟರಿನಲ್ಲಿ ಹೆಸರು ಬರೀಬೇಕು. ಅಲ್ಲಿ ತನಕ ನಾನು ಸಮಾಜ ಕಾರ್ಯಕರ್ತೆ ಅಲ್ಲ."

"ಇದೆಂಥ ಪಾಸೇ ತಾಯಿ!" ಜಕೊಮಿನಾ ಹಣೆ ಚಚ್ಚಿಕೊಂಡಳು. "ಹೆರಿಗೆ ಆಯ್ತು, ಮಗು ಮಾತ್ರ ಆಮೇಲೆ ತೋರಿಸ್ತೀವಿ ಅಂದ ಹಾಗೆ! ದೊನ್ನಾ ಬೆತ್ತೀನಾ, ಕೇಳಿಸ್ತಾ ನಿನ್ನ ಮಗಳ ಮಾತು?"

ಮೇಲಿನ ಕಿಟಕಿಯಿಂದ ದೊನ್ನಾ ಬೆತ್ತೀನಾ ಅರ್ಧ ಮೈ ಹೊರಹಾಕಿದಳು. ಇಡೀ ಓಣಿಗೆ ಕೇಳುವಂತೆ ಉತ್ತರಿಸಿದಳು. "ಕಾಯಿರಿ ಎಲ್ಲರೂ! ಕಾನೂನು ಅಂದ್ರೆ ಕಾನೂನು. ನನ್ನ ಮಗಳು ಸಮಾಜ ಕಾರ್ಯಕರ್ತೆ ಆಗ್ತಾಳೆ, ಆದ್ರೆ ಕಳ್ಳದಾರೀಲಿ ಆಗಲ್ಲ!"

ರಕೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಮ್ಮ ಆ ಮಾತನ್ನು ಬೀದಿಯಲ್ಲಿ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಪರಿಷತ್ತಿನ ಸಭೆ ತಿಂಗಳಿಗೊಂದು. ಶುಲ್ಕ, ಮುದ್ರೆ, ಪ್ರಮಾಣಪತ್ರ ಎಲ್ಲವನ್ನೂ ರಕೇಲೆ ಮರುದಿನವೇ ಒಯ್ದುಕೊಟ್ಟಳು. ಕಿಟಕಿಯಾಚೆಯ ಗುಮಾಸ್ತ ಯಾವ ಕಾಗದ ಕೇಳುತ್ತಾನೋ ಅದನ್ನು ಅವನು ಕೇಳುವ ಮೊದಲೇ ಮುಂದಿಡುತ್ತಿದ್ದಳು. ಕೊನೆಗೆ ಅವನು, "ನೀವು ಇದೇ ಕಚೇರಿಯವರಾ?" ಎಂದು ಕೇಳಿದ. ಸಭೆ ಜುಲೈ ಇಪ್ಪತ್ತಾರಕ್ಕೆ ಎಂದು ತಿಳಿಯಿತು. ಕೊನೆಯ ದಿನಕ್ಕೆ ಐದು ದಿನ ಮೊದಲು.

ಇಪ್ಪತ್ತೇಳರ ಮಧ್ಯಾಹ್ನ, ಊಟಕ್ಕೆ ಕೂತಿದ್ದಾಗ, ಫೋನಿಗೆ ಪತ್ರ ಬಂತು. ಅದರಲ್ಲಿ ಅವಳ ಹೆಸರಿತ್ತು, ಹುಟ್ಟಿದ ದಿನವಿತ್ತು, ರಿಜಿಸ್ಟರಿನಲ್ಲಿ ಅವಳದ್ದೇ ಆದ ಒಂದು ಸಂಖ್ಯೆಯಿತ್ತು. ರಕೇಲೆ ಅದನ್ನು ಅಮ್ಮನಿಗೆ ಓದಿ ಹೇಳಿದಳು. ದೊನ್ನಾ ಬೆತ್ತೀನಾ ಬಾಯಿ ಒರೆಸಿಕೊಂಡಳು, ಎದ್ದಳು, ಕಿಟಕಿಗೆ ಹೋದಳು.

"ಬಂತು!"

ಅಷ್ಟೇ ಸಾಕಾಯಿತು. ಬಾಗಿಲುಗಳು ತೆರೆದುಕೊಂಡವು, ಕುರ್ಚಿಗಳು ಬೀದಿಗೆ ಬಂದವು. ಜಕೊಮಿನಾ ಮಂಚದ ಕೆಳಗಿನಿಂದ ಒಂದು ದೊಡ್ಡ ಪೆಟ್ಟಿಗೆ ಎಳೆದು ತಂದಳು. ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಪಟಾಕಿ.

"ಬೇಡ ಜಕೊಮಿನಾ, ಅದು ಮದುವೆದು!"

"ಗಂಡು ಇನ್ನೂ ಸಿಕ್ಕಿಲ್ಲ, ಪಟಾಕಿ ತೇವ ಹಿಡೀತಿದೆ. ಸುಮ್ನಿರು ನೀನು!"

ಹಾಡುಹಗಲಲ್ಲಿ ಪಟಾಕಿಗೆ ಬಣ್ಣ ಕಾಣುವುದಿಲ್ಲ. ಬರೀ ಸದ್ದು, ಬಿಳಿ ಹೊಗೆ. ಆದರೆ ಆ ಸದ್ದು ಎರಡು ಗೋಡೆಗಳ ನಡುವೆ ಪುಟಿಪುಟಿದು ಮೇಲಕ್ಕೇರಿ, ಪಾರಿವಾಳಗಳನ್ನೆಲ್ಲ ಎಬ್ಬಿಸಿ, ಆಚೆ ಕೇರಿಯವರೂ ಯಾವ ಹಬ್ಬವೆಂದು ಓಡಿಬರುವಂತೆ ಮಾಡಿತು. ಗುಮ್ಮ ಬಂತೆಂದು ಅಡಗಿಕೊಳ್ಳಬೇಕಿದ್ದ ಮಕ್ಕಳು ಹೊಗೆಯೊಳಗೆ ಕುಣಿಯುತ್ತಿದ್ದರು.

ರಕೇಲೆಯ ಫೋನು ಮತ್ತೆ ಗುನುಗಿತು. ಬೋರ್ತೊಲಿನ್.

"ರಿಜಿಸ್ಟರ್ ನೋಡಿದೆ. ಹೆಸರಿದೆ. ಸೆಪ್ಟೆಂಬರಿಗೆ ಕೆಲಸ ಖಾತ್ರಿ, ಸಂಘದವರಿಗೆ ಈಗಷ್ಟೇ ಹೇಳಿದೆ. ಇದೇನು ಸದ್ದು? ಎಲ್ಲಿದ್ದೀಯ ನೀನು? ಗುಂಡು ಹಾರಿಸ್ತಿದ್ದಾರಾ?"

ನೀನು. ರಕೇಲೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಬೋರ್ತೊಲಿನ್ ಅವಳನ್ನು ನೀವು ಎಂದಲ್ಲದೆ ಮಾತಾಡಿಸಿದ್ದೇ ಇಲ್ಲ. ರಿಜಿಸ್ಟರಿನಲ್ಲಿರುವವರು ತಮ್ಮತಮ್ಮೊಳಗೆ ವಯಸ್ಸು ನೋಡದೆ ನೀನು ಎನ್ನುತ್ತಾರೆ. ಕಚೇರಿಯಲ್ಲಿ ಅದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದಳು.

"ಪಟಾಕಿ ಮೇಡಂ."

"ಮೇಡಂ ಅಂತೆ! ಮಿಲೇನಾ ಅನ್ನು. ಈ ಬಿಸಿಲಲ್ಲಿ ಪಟಾಕಿ ಯಾರಿಗೆ? ಮದುವೆಯಾ?"

"ಇಲ್ಲ" ಎಂದಳು ರಕೇಲೆ. ನಾಲಿಗೆ ಒಂದು ಸಲ ತೊಡರಿತು, ಆಮೇಲೆ ಸರಾಗವಾಗಿ ಬಂತು. "ನನಗೆ, ಮಿಲೇನಾ. ನೀನೂ ಬಾ. ಇನ್ನೂ ಅರ್ಧ ಪೆಟ್ಟಿಗೆ ಇದೆ."